ಭೀಮಾತೀರದ ಗಿಡಗಂಟಿಗಳೂ ಪೂರ್ವಕಾಲದ ಭೂವಿನಿಯೋಗವೂ

ಭವಭೂತಿಯ ‘ಉತ್ತರರಾಮಚರಿತ’ದ ಎರಡನೆಯ ಅಂಕದಲ್ಲಿ ಶ್ರೀರಾಮನು ಬಹುಕಾಲದ ತರುವಾಯ ದಂಡಕಾರಣ್ಯವನ್ನು ಮರಳಿ ಕಾಣುವ ಪ್ರಸಂಗವಿದೆ. ಹೊಳೆಯ ಪಾತ್ರವೂ ಮರಗಳ ದಟ್ಟಣೆಯೂ ಬದಲಾಗಿರುವುದರಿಂದ ಅವನು ಸ್ಥಳವನ್ನು ಗುರುತಿಸಲಾರದೆ ತಡವರಿಸುತ್ತಾನೆ. ಕಡೆಗೆ ಬೆಟ್ಟಗಳ ನೆಲೆಯನ್ನು ನೋಡಿ ಇದು ಆ ವನವೇ ಸರಿಯೆಂದು ನಿಶ್ಚಯಿಸಿಕೊಳ್ಳುತ್ತಾನೆ. ಕಾಳಿದಾಸನ ‘ಶಾಕುಂತಲ’ದ ಮೊದಲನೆಯ ಅಂಕದಲ್ಲಿ ದುಷ್ಯಂತನು ಇದಕ್ಕೆ ಪ್ರತಿಯಾದ ಕೆಲಸವನ್ನು ಮಾಡುತ್ತಾನೆ. ಮರದ ಪೊಟರೆಯ ಕೆಳಗೆ ಚೆಲ್ಲಿದ ಕಾಡುಭತ್ತ, ಇಂಗಳದ ಕಾಯಿಗಳನ್ನು ಜಜ್ಜಿ ಎಣ್ಣೆಗಟ್ಟಿದ ಕಲ್ಲು, ಬೆದರದೆ ನಿಂತ ಜಿಂಕೆ, ಇವುಗಳನ್ನು ಕಂಡ ಮಾತ್ರದಿಂದಲೇ, ಯಾರೂ ಹೇಳದೆ ಇದ್ದರೂ, ಇಲ್ಲಿ ತಪಸ್ವಿಗಳು ವಾಸಿಸುವರೆಂದು ಅವನು ಊಹಿಸುತ್ತಾನೆ. ಅರಣ್ಯಕ್ಕೂ ಇತಿಹಾಸವುಂಟು, ಆ ಇತಿಹಾಸವನ್ನು ಅರಣ್ಯದಲ್ಲಿಯೇ ಓದಬಹುದು ಎಂಬೆರಡು ಮಾತುಗಳನ್ನು ನಮ್ಮ ದೇಶದ ಕವಿಗಳು ಹೀಗೆ ಎಂದೋ ಸೂಚಿಸಿರುವರು.

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ಸೀಮೆಗಳನ್ನು ಕುರಿತು ಅರಣ್ಯದ ಮಾತನ್ನೆತ್ತುವುದೇ ಅನೇಕರಿಗೆ ವಿಚಿತ್ರವಾಗಿ ತೋರಬಹುದು. ಜಿಲ್ಲೆಯಲ್ಲಿ ಕಾಡೆಂದು ಹೇಳಿಕೊಳ್ಳತಕ್ಕುದು ಮುಖ್ಯವಾಗಿ ಚಿಂಚೋಳಿಯ ಕಡೆಯಲ್ಲಿದೆ. ಅಲ್ಲಿಯ ಅರಣ್ಯವನ್ನು ೨೦೧೧ರಲ್ಲಿ ವನ್ಯಜೀವಿಧಾಮವೆಂದು ಸಾರಲಾಯಿತು. ಭೀಮೆಯೂ ಅವಳನ್ನು ಗಾಣಗಾಪುರದ ಬಳಿ ಕೂಡಿಕೊಳ್ಳುವ ಅಮರಜೆಯೂ ಹರಿಯುವ ಈ ಪಶ್ಚಿಮದ ಸೀಮೆಯಾದರೋ ಕಣ್ಣು ಹರಿಯುವ ತನಕ ಎರಿಯ ಬಯಲು. ಜೋಳ, ತೊಗರಿ, ಹತ್ತಿ, ಕುಸುಬೆ ಇವೇ ಇಲ್ಲಿಯ ಹಸುರು. ಆದರೂ ಗಿಡಗಂಟಿಗಳೇ ಇಲ್ಲವೆಂದಲ್ಲ. ಕಲ್ಲುಮಡ್ಡಿಗಳ ಮೇಲೆ, ಹಳ್ಳದ ದಂಡೆಗಳಲ್ಲಿ, ಹಾಳೂರ ದಿಬ್ಬಗಳಲ್ಲಿ, ಗುಡಿ ದರ್ಗಾಗಳ ಸುತ್ತಿನಲ್ಲಿ, ಹೊಲದ ಬದುಗಳಲ್ಲಿ ತಾವಾಗಿ ಬೆಳೆದ ಮರಗಳೂ ಪೊದೆಗಳೂ ಉಂಟು. ಇವನ್ನು ಜನರು ಸಾಮಾನ್ಯವಾಗಿ ‘ತಾನೇ ಹುಟ್ಟಿದ ಗಿಡ’ ಎನ್ನುವರು. ವಿಚಾರಿಸಿ ನೋಡಿದರೆ ಇವುಗಳಲ್ಲಿ ಕೇವಲ ತಾನೇ ಹುಟ್ಟಿದುದು ಅತ್ಯಲ್ಪ. ಯಾವ ತಾವಿನಲ್ಲಿ ಯಾವ ಗಿಡಗಳು ಒಟ್ಟಾಗಿ ನಿಂತಿವೆ ಎಂಬುದು ಆ ನೆಲವನ್ನು ಹಿಂದಿನವರು ಯಾವ ಕೆಲಸಕ್ಕೆ ಬಳಸಿದರು ಎಂಬುದನ್ನು ಬಹುಮಟ್ಟಿಗೆ ಅವಲಂಬಿಸಿರುತ್ತದೆ.

ಮನುಷ್ಯನು ನೆಲದ ಮೇಲೆ ಮಾಡಿದ ಕೆಲಸವು ಗಿಡಗಳಲ್ಲಿ ಉಳಿದು ಬರುವುದಕ್ಕೆ ಮೂರು ದಾರಿಗಳಿರುವುವು. ಮೊದಲನೆಯದು ಮಣ್ಣಿನ ದಾರಿ. ಜನರೂ ದನಗಳೂ ಬಹುಕಾಲ ನಿಂತ ತಾವಿನಲ್ಲಿ ಸಗಣಿ, ಬೂದಿ, ಎಲುಬು, ಕಸಕಡ್ಡಿಗಳು ಸೇರಿ ಮಣ್ಣಿನಲ್ಲಿ ರಂಜಕಾಂಶವು ಹೆಚ್ಚುತ್ತದೆ. ಈ ರಂಜಕವು ನೀರಿನೊಡನೆ ಸುಲಭವಾಗಿ ಕೊಚ್ಚಿಹೋಗತಕ್ಕುದಲ್ಲ. ಶತಮಾನಗಳವರೆಗೆ ಇದ್ದಲ್ಲಿಯೇ ಇರುತ್ತದೆ. ಎರಡನೆಯದು ಬೀಜದ ದಾರಿ. ನೇಗಿಲು ಒಮ್ಮೆ ನೆಲವನ್ನು ಹರಿಯಿತೆಂದರೆ ಗೆಡ್ಡೆಯಿಂದಲೂ ಹಳೆಯ ಬೇರಿನಿಂದಲೂ ಬಾಳುವ ಸಸ್ಯಗಳು ನಾಶವಾಗುವುವು. ನೆಲವನ್ನು ಬೀಳು ಬಿಟ್ಟಾಗ ಗಾಳಿಯೂ ಹಕ್ಕಿಯೂ ದನವೂ ತರುವ ಬೀಜಗಳು ಬೇಗನೆ ಬರುವುವು. ಇರುವೆಗಳು ಹೊತ್ತುಕೊಂಡು ಹೋದಷ್ಟೇ ದೂರ ಹರಡಬಲ್ಲ ಸಸ್ಯಗಳು ಮರಳಿ ಬರುವುದಕ್ಕೆ ನೂರಾರು ವರ್ಷ ಬೇಕಾಗಬಹುದು. ಮೂರನೆಯದು ಆಯ್ಕೆಯ ದಾರಿ. ಕೊಡಲಿಯು ಯಾವುದನ್ನು ಕಡಿಯಿತು, ಯಾವುದನ್ನು ಪೂಜೆಗಾಗಿ ಬಿಟ್ಟಿತು, ಆಡು ಯಾವುದನ್ನು ತಿಂದಿತು, ಯಾವುದನ್ನು ಮೂಸಿ ಬಿಟ್ಟಿತು ಎಂಬುದರಿಂದ ಉಳಿದವುಗಳ ಸಂತಾನವೇ ಬೆಳೆಯುತ್ತದೆ.

ಇದು ಬರಿಯ ತರ್ಕವಲ್ಲ. ಅನ್ಯದೇಶಗಳಲ್ಲಿ ಪರೀಕ್ಷಿಸಿ ನೋಡಿದ ಸಂಗತಿ. ಫ್ರಾನ್ಸ್ ದೇಶದ ಲೊರೇನ್ ಪ್ರಾಂತದ ಒಂದು ಕಾಡಿನೊಳಗೆ ರೋಮನರ ಕಾಲದ ಬೇಸಾಯದ ನೆಲೆಯೊಂದಿತ್ತು. ಅಲ್ಲಿಯ ಉಳುಮೆಯು ಕೆಲವು ಶತಮಾನಗಳೊಳಗೇ ನಿಂತು, ಅನಂತರ ಕಾಡು ಬೆಳೆದು ಮುಚ್ಚಿಕೊಂಡಿತು. ಆದರೂ ಉತ್ತಿದ್ದ ನೆಲದ ಮೇಲೆ ಬೆಳೆದ ಸಸ್ಯಗಳು ಉಳದ ನೆಲದ ಸಸ್ಯಗಳಿಗಿಂತ ಇಂದಿಗೂ ಬೇರೆಯಾಗಿಯೇ ಇರುವುವೆಂದು ಅಲ್ಲಿಯ ವಿಜ್ಞಾನಿಗಳು ೨೦೦೨ರಲ್ಲಿ ಪ್ರಕಟಿಸಿದರು. ಇಂಗ್ಲೆಂಡಿನಲ್ಲಿ ೧೬೦೦ಕ್ಕೂ ಹಿಂದಿನಿಂದ ಎಡೆಬಿಡದೆ ಕಾಡಾಗಿಯೇ ಇದ್ದ ನೆಲವನ್ನು ‘ಪ್ರಾಚೀನ ಕಾಡು’ ಎಂದು ಪ್ರತ್ಯೇಕವಾಗಿ ಎಣಿಸುವರು. ಅದನ್ನು ಗುರುತಿಸಲು ಕೆಲವು ಬಗೆಯ ಹೂಗಿಡಗಳೇ ಸಾಕ್ಷಿಯಾಗುವುವು. ಪೂರ್ವ ಆಫ್ರಿಕಾದ ಕೆನ್ಯದಲ್ಲಿ ಪಶುಪಾಲಕರು ಸುಮಾರು ೧,೫೦೦ ವರ್ಷಗಳಿಂದ ೩,೭೦೦ ವರ್ಷಗಳ ಹಿಂದೆ ದನ ಕೂಡಿದ್ದ ದೊಡ್ಡಿಗಳ ನೆಲವು ಇಂದಿಗೂ ಸುತ್ತಣ ಗಿಡಗಾಡಿನ ನಡುವೆ ಹುಲುಸಾದ ಹುಲ್ಲಿನ ಬಯಲಾಗಿ ಉಳಿದಿದೆಯೆಂಬುದು ೨೦೧೮ರಲ್ಲಿ ಪ್ರಕಟವಾಯಿತು. ದನವೂ ಹೋಯಿತು, ದನಗಾಹಿಯೂ ಹೋದನು. ಹುಲ್ಲು ಮಾತ್ರ ಅವರ ಲೆಕ್ಕವನ್ನು ಇಟ್ಟುಕೊಂಡಿದೆ.

ಕೆನ್ಯದ ಈ ಸಂಗತಿಯನ್ನು ಓದಿದ ಕನ್ನಡಿಗನಿಗೆ ಜೇವರ್ಗಿಗೆ ತಗುಲಿದ ಸುರಪುರ ಸೀಮೆಯ ಬೂದಿದಿಬ್ಬಗಳು ನೆನಪಾಗದಿರವು. ಆ ಸೀಮೆಯ ಬೂದಿಹಾಳ, ಕೊಡೇಕಲ್ಲುಗಳಲ್ಲಿ ನವಶಿಲಾಯುಗದ ಇಂತಹ ದಿಬ್ಬಗಳಿವೆ. ಬಹುಕಾಲ ಇವನ್ನು ಕುರಿತು ನಾನಾ ಬಗೆಯ ಊಹೆಗಳು ನಡೆದುವು. ಎಫ್. ಆರ್. ಆಲ್ಚಿನ್ ಎಂಬ ವಿದ್ವಾಂಸರು ಉತ್ನೂರಿನ ದಿಬ್ಬವನ್ನು ಅಗೆದು, ಇವು ದನಗಳ ದೊಡ್ಡಿಯಲ್ಲಿ ರಾಶಿಯಾದ ಸಗಣಿಯು ಮೇಲಿಂದ ಮೇಲೆ ಸುಟ್ಟು ಆದ ಬೂದಿಯೆಂದು ೧೯೬೩ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದರು. ಆ ಮೇಲೆ ಕೆ. ಪದ್ದಯ್ಯನವರು ಬೂದಿಹಾಳದಲ್ಲಿ ವಿಸ್ತಾರವಾಗಿ ಅಗೆದು, ದಿಬ್ಬದ ಪಕ್ಕದಲ್ಲಿಯೇ ಜನವಸತಿಯೂ ಇದ್ದಿತೆಂಬುದನ್ನು ತೋರಿಸಿಕೊಟ್ಟರು. ನಾಲ್ಕು ಸಾವಿರ ವರ್ಷಗಳಿಗೂ ಹಿಂದೆಯೇ ಈ ನಾಡಿನಲ್ಲಿ ದೊಡ್ಡ ದೊಡ್ಡ ದನದ ಹಿಂಡುಗಳಿದ್ದುವು. ಹಿಂಡು ಮೇಯುವ ಹುಲ್ಲುಗಾವಲೂ ಇದ್ದಿತು. ಹೀಗಿರಲು ಇಲ್ಲಿಯ ಬಯಲೆಲ್ಲವೂ ಮೊನ್ನೆಮೊನ್ನೆಯವರೆಗೆ ಘೋರಾರಣ್ಯವಾಗಿದ್ದು, ಈಚಿನವರ ಕೊಡಲಿಯಿಂದಲೇ ಬಯಲಾಯಿತೆಂದು ಹೇಳುವುದು ಸಾಹಸದ ಮಾತಾದೀತು.

ಜೇವರ್ಗಿಯ ನೆಲವೇ ಇನ್ನೊಂದು ಸಾಕ್ಷಿಯನ್ನು ಕೊಡುತ್ತದೆ. ಸುರಪುರದಲ್ಲಿ ಬ್ರಿಟಿಷರ ಪರವಾಗಿ ಆಡಳಿತ ನಡೆಸುತ್ತಿದ್ದ ಮೆಡೋಸ್ ಟೇಲರ್ ಅವರು ೧೯ನೆಯ ಶತಮಾನದ ಮಧ್ಯಭಾಗದಲ್ಲಿ ಜೇವರ್ಗಿಯ ಬಳಿಯಲ್ಲಿದ್ದ ಪುರಾತನ ಕಲ್ಲುಗುಪ್ಪೆಗಳನ್ನು ಪರೀಕ್ಷಿಸಿ, ಅವು ಸಮಾಧಿಗಳೆಂದು ವಿದ್ವತ್ಪತ್ರಿಕೆಯಲ್ಲಿ ಬರೆದರು. ಇವು ಕಬ್ಬಿಣದ ಬಳಕೆಯು ಬಂದ ಕಾಲದ ಬೃಹತ್ ಶಿಲಾಸಮಾಧಿಗಳ ಪಂಗಡಕ್ಕೆ ಸೇರಿದುವು. ಕಬ್ಬಿಣದ ಗುಳವು ದೊರೆತ ಮೇಲೆಯೇ ಎರಿಯಂತಹ ಬಿಗಿಯಾದ ನೆಲವನ್ನು ಆಳವಾಗಿ ಉಳುವುದು ಸುಲಭವಾದುದೆಂಬುದನ್ನು ಇಲ್ಲಿ ನೆನೆಯಬೇಕು. ಸತ್ತವರಿಗೆ ಕಲ್ಲು ಒಟ್ಟಿದ ನೆಲದಲ್ಲಿ ನೇಗಿಲು ಸಾಗದು. ನೇಗಿಲು ಸಾಗದ ಕಡೆಯಲ್ಲಿ ಹಳೆಯ ಬೇರುಗಳಿಗೆ ಉಳಿವುಂಟು. ಉಳುವ ನೆಲ, ಉಳದ ನೆಲ ಎಂಬ ಭೇದವು ಆ ಕಾಲದಿಂದ ಬಲವಾಗುತ್ತ ಬಂದಿತೆಂದು ತಿಳಿಯಬೇಕು.

ಈ ಭೇದವನ್ನು ಶಾಸ್ತ್ರಕಾರರು ಬಲ್ಲರು. ಬೇಸಾಯಕ್ಕೆ ಬಾರದ ಭೂಮಿಯನ್ನು ಪಶುಗಳ ಮೇವಿಗಾಗಿ ಬಿಡಬೇಕೆಂದು ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ವಿಧಿಸುತ್ತಾನೆ. ಊರಿನ ಸುತ್ತಲೂ ನೂರು ಧನುಸ್ಸಿನಷ್ಟು, ಅಂದರೆ ಸುಮಾರು ೬೦೦ ಅಡಿಯಷ್ಟು ನೆಲವನ್ನು ಉಳದೆ ಬಿಡಬೇಕೆಂದೂ ಪಟ್ಟಣವಾದರೆ ಅದರ ಮೂರರಷ್ಟು ಬಿಡಬೇಕೆಂದೂ ಮನುಸ್ಮೃತಿಯು ಹೇಳುತ್ತದೆ. ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳನ್ನು ನೋಡಿದರೆ ನೆಲವನ್ನು ಮತ್ತರುಗಳಿಂದ ಅಳೆದು ಎರೆ, ಗರ್ದೆ, ತೋಂಟ, ಪೂದೋಂಟವೆಂದು ವಿಂಗಡಿಸಿ ದತ್ತಿ ಕೊಡುತ್ತಿದ್ದುದು ಕಾಣಬರುತ್ತದೆ. ಎಲ್ಲೆಯನ್ನು ಹೇಳುವಾಗ ಮೊರಡಿ, ಹಳ್ಳ, ಕಲ್ಲುಗುಪ್ಪೆ, ಹೆಮ್ಮರಗಳೇ ಗುರುತು. ಎಲ್ಲೆಯ ಮರವೆಂದ ಮೇಲೆ ಅದನ್ನು ಕಡಿಯುವವರಿಲ್ಲ. ಹೂದೋಟದ ಬಾವಿಯು ಬತ್ತಿದ ಮೇಲೂ ಅಲ್ಲಿ ನೆಟ್ಟ ಗಿಡದ ಸಂತತಿಯು ನಿಂತಿರಬಹುದು. ನೆಲದ ವಿಂಗಡಣೆಯು ಶಾಸನದಲ್ಲಿ ಕಲ್ಲಿನ ಮೇಲೆ ಬರೆದಂತೆ ನೆಲದ ಮೇಲೆ ಗಿಡಗಳಿಂದಲೂ ಬರೆಯಲ್ಪಟ್ಟಿತು.

ಬಸತಿಯೇ ಪಾಳಾದಾಗ ಏನಾಗುವುದೆಂಬುದಕ್ಕೆ ಭೀಮೆಯ ದಂಡೆಯ ಫಿರೋಜಾಬಾದು ದೊಡ್ಡ ನಿದರ್ಶನ. ಬಹಮನಿ ಸುಲ್ತಾನನಾದ ಫಿರೋಜಶಹನು ೧೪೦೦ರ ಸುಮಾರಿಗೆ ಕಲಬುರಗಿಯ ದಕ್ಷಿಣಕ್ಕೆ, ಹೊಳೆಯ ತಿರುವಿನಲ್ಲಿ, ಈ ಅರಮನೆಯ ನಗರವನ್ನು ಕಟ್ಟಿಸಿದನು. ಅವನ ತರುವಾಯ ರಾಜಧಾನಿಯು ಬೀದರಿಗೆ ಹೋಯಿತು, ನಗರವು ಬರಿದಾಯಿತು. ಇಂದು ಕೋಟೆಯೊಳಗೆ ಹೊಲಗಳಿವೆ. ಇಂತಹ ಹಾಳುಗೋಡೆಗಳ ಬಳಿಯ ಗಿಡಗಳಿಗೆ ಒಂದು ಕ್ರಮವಿದೆ. ಗಾರೆಯ ಬಿರುಕಿನಲ್ಲಿ ಹಕ್ಕಿಯ ಹಿಕ್ಕೆಯಿಂದ ಬಿದ್ದ ಅರಳಿ ಬಸರಿಗಳು ಹುಟ್ಟುವುವು. ಗೋಡೆಯ ಬುಡದಲ್ಲಿ ಕಲ್ಲುಸುಣ್ಣ ಸೇರಿದ ಪುಡಿಮಣ್ಣಿನಲ್ಲಿ ಸೀತಾಫಲವು ಹಬ್ಬುತ್ತದೆ. ಜನರು ಬಾಳಿದ್ದ ತಿಪ್ಪೆಯ ನೆಲದಲ್ಲಿ ಉತ್ತರಾಣಿ, ದತ್ತೂರಿಗಳು ಮನೆಮಾಡುವುವು. ಇವೆರಡೂ ಗೊಬ್ಬರದ ನೆಲವನ್ನು ಅರಸಿ ಬೆಳೆಯತಕ್ಕವು. ಎದುರಿನ ಎರಿಹೊಲದ ಬದುವಿನಲ್ಲಾದರೋ ಈ ಮೇಳವು ಕಾಣದು. ಅಲ್ಲಿ ಜಾಲಿಯೂ ಬೇವೂ ಬಾರಿಯೂ ನಿಲ್ಲುವುವು.

ಸೀತಾಫಲದ ವಿಷಯದಲ್ಲಿ ಒಂದು ಎಚ್ಚರಿಕೆಯನ್ನು ಹೇಳಬೇಕು. ಹೆಸರಿನಿಂದ ಇದು ರಾಮಾಯಣದ ಕಾಲದ ಗಿಡವೆಂದು ಜನರು ನಂಬುವರು. ವಸ್ತುತಃ ಇದರ ಮೂಲವು ಅಮೆರಿಕಾ ಖಂಡ. ಆ ಖಂಡದೊಡನೆ ಹಡಗಿನ ಸಂಚಾರವು ನಡೆದ ಮೇಲೆ ಇದು ಭರತಖಂಡದಲ್ಲಿ ಹಬ್ಬಿ, ದಖ್ಖಣದ ಕೋಟೆಕೊತ್ತಲಗಳಲ್ಲಿ ಕಾಡುಗಿಡದಂತೆ ನೆಲೆಸಿತು. ಊರ ಸುತ್ತ ಬೇಲಿಯಾಗಿದ್ದ ಪಾಪಾಸುಕಳ್ಳಿಯೂ ಹಾಗೆಯೇ ಪರದೇಶದ್ದು. ಒಂದು ಕಾಲದಲ್ಲಿ ದಕ್ಷಿಣದೇಶದ ಬಂಜರುಗಳನ್ನೆಲ್ಲ ಅದು ಮುಚ್ಚಿಬಿಟ್ಟಿತ್ತು. ೧೯೨೬ರಲ್ಲಿ ಸಿಂಹಳದಿಂದ ತಂದ ಒಂದು ಬಗೆಯ ಬಿಳಿ ಹುಳವು ಅದನ್ನು ತಿಂದು ತೀರಿಸಿತು. ಆದುದರಿಂದ ಗಿಡವು ಹಾಳೂರಿನಲ್ಲಿದೆ ಎಂದ ಮಾತ್ರಕ್ಕೆ ಊರಿನಷ್ಟೇ ಹಳೆಯದೆಂದು ತಿಳಿಯಲಾಗದು. ಗಿಡಗಳು ಸಾಕ್ಷಿ ಹೇಳುವುವು, ನಿಜ. ಸಾಕ್ಷಿಯನ್ನು ಪಾಟಿಸವಾಲು ಮಾಡದೆ ಒಪ್ಪತಕ್ಕುದಲ್ಲ.

ರಾಜಧಾನಿಗಳು ಪಾಳಾದುದು ಕೆಲವೇ ಸಲ. ಹಳ್ಳಿಗಳು ಪಾಳಾದುದು ಅನೇಕ ಸಲ. ನಿಜಾಮರ ಕಾಲದ ಕಂದಾಯದ ದಫ್ತರಗಳಲ್ಲಿ ಜನವಿಲ್ಲದ ಊರಿಗೆ ‘ಬೇಚಿರಾಗ್’ ಎಂದು ಹೆಸರು. ಚಿರಾಗೆಂದರೆ ದೀಪ; ದೀಪ ಹಚ್ಚುವವರಿಲ್ಲದ ಊರೆಂದು ಅರ್ಥ. ೧೪ನೆಯ ಶತಮಾನದ ಕೊನೆಯಲ್ಲಿ ಆರಂಭವಾಯಿತೆಂದು ಹೇಳುವ ದುರ್ಗಾದೇವಿಯ ಬರ, ೧೬೩೦ರ ಸುಮಾರಿನ ದಖ್ಖಣದ ಕ್ಷಾಮ, ೧೮೭೬ರಿಂದ ೧೮೭೮ರವರೆಗಿನ ಮಹಾಕ್ಷಾಮ ಇವುಗಳಿಂದಲೂ ಯುದ್ಧಗಳಿಂದಲೂ ರೋಗಗಳಿಂದಲೂ ಊರುಗಳು ಬರಿದಾದುವು. ಇಂತಹ ಊರಿನ ಹೊಲವು ಬೀಳು ಬಿದ್ದೊಡನೆ ಮೊದಲು ಏಳುವುದು ಮರವಲ್ಲ. ಕರಿಕೆಯೂ ನೀಳಬೇರಿನ ಕಾಶವೂ ಎರಿಯನ್ನು ಹಿಡಿಯುವುವು. ಕಾಶವು ಹಿಡಿದ ಎರಿಯನ್ನು ಮರಳಿ ಹಸನು ಮಾಡಲು ನಾಲ್ಕಾರು ಜೋಡಿ ಎತ್ತುಗಳನ್ನು ಹೂಡಿದ ಹೆನ್ನೇಗಿಲೇ ಬೇಕಾಗುತ್ತಿತ್ತು. ಎತ್ತುಗಳು ಬರದಲ್ಲಿ ಸತ್ತಿದ್ದ ಮೇಲೆ ಹೂಡುವುದೇನು? ಹೀಗೆ ಮೂರು ವರ್ಷದ ಬರವು ಮೂವತ್ತು ವರ್ಷದ ಬೀಳಾಗಿ ಪರಿಣಮಿಸುವುದೂ ಉಂಟು.

ಊರಿದ್ದ ತಾವಿನ ಕಥೆಯು ಬೇರೆ. ಮನೆಯ ಮಣ್ಣುಗೋಡೆಗಳು ಕರಗಿ ಬೂದುಬಣ್ಣದ ದಿಬ್ಬವಾಗುವುವು. ಅಂಗಳದ ಬೇವು, ಬಾವಿಯ ಕಡೆಯ ಹುಣಸೆ, ಕಟ್ಟೆಯ ಅರಳಿ ಇವು ಯಜಮಾನರನ್ನು ಕಳೆದುಕೊಂಡರೂ ನಿಲ್ಲುವುವು. ಬೇವಿನ ಹಣ್ಣನ್ನು ಕಾಗೆ ಗೊರವಂಕಗಳು ತಿಂದು ಬೀಜವನ್ನು ಉದುರಿಸುವುದರಿಂದ ಒಂದು ಬೇವು ಹತ್ತಾಗುತ್ತದೆ. ಹುಣಸೆಯು ಹಾಗೆ ದೂರ ಹೋಗತಕ್ಕುದಲ್ಲ. ನೆಟ್ಟವನು ನೆಟ್ಟಲ್ಲಿಯೇ ನೂರಾರು ವರ್ಷ ಬಾಳುತ್ತದೆ. ಆದುದರಿಂದಲೇ ಬಯಲಿನ ನಡುವೆ ಮುದಿ ಹುಣಸೆಗಳೆರಡು ಮೂರು ಒಟ್ಟಾಗಿ ಕಂಡರೆ ಅಲ್ಲಿ ಮನೆಯೋ ಬಾವಿಯೋ ತೋಪೋ ಇದ್ದಿರಬೇಕೆಂದು ಊಹಿಸಬಹುದು. ಅದರ ಬುಡದಲ್ಲಿ ಉತ್ತರಾಣಿಯೂ ದತ್ತೂರಿಯೂ ದಟ್ಟವಾಗಿದ್ದು, ಮಣ್ಣಿನಲ್ಲಿ ಬೋಕಿಯ ಚೂರು ಸಿಕ್ಕಿದರೆ ಆ ಊಹೆಯು ಬಹುಮಟ್ಟಿಗೆ ನಿಶ್ಚಯವಾಗುತ್ತದೆ.

ಮರವನ್ನು ಉಳಿಸಿದ ಇನ್ನೊಂದು ಶಕ್ತಿಯು ಭಕ್ತಿ. ಮಹಾಭಾರತದ ವಿರಾಟಪರ್ವದಲ್ಲಿ ಪಾಂಡವರು ತಮ್ಮ ಆಯುಧಗಳನ್ನು ಅಡಗಿಸಿಟ್ಟ ಶಮೀವೃಕ್ಷವು ಶ್ಮಶಾನದ ಸಮೀಪದ್ದು, ಜನರು ಹತ್ತಿರ ಸುಳಿಯದ ತಾವಿನದು. ಈ ಸೀಮೆಯಲ್ಲಿ ಬನ್ನಿಯು ಶ್ಮಶಾನದಿಂದ ಹೊಲಕ್ಕೆ ಬಂದಿದೆ. ಎಳ್ಳಮಾವಾಸ್ಯೆಯಂದು ಒಕ್ಕಲಿಗರು ಸಂಸಾರಸಮೇತರಾಗಿ ಹೊಲಕ್ಕೆ ಹೋಗಿ, ಬನ್ನಿಯ ಬುಡದಲ್ಲಿ ಕಲ್ಲುಗಳನ್ನಿಟ್ಟು ಪಾಂಡವರೆಂದು ಪೂಜಿಸಿ, ಬೆಳೆಯ ನಡುವೆ ಚರಗ ಚೆಲ್ಲುವರು. ದಸರೆಯಲ್ಲಿ ಬನ್ನಿಯ ಎಲೆಯೇ ಬಂಗಾರ. ಎರಿಹೊಲದಲ್ಲಿ ಮರವು ಬೆಳೆಯುವುದೇ ಕಷ್ಟ. ಬೇಸಗೆಯಲ್ಲಿ ಆಳವಾಗಿ ಬಿರಿಯುವ ಮಣ್ಣು ಎಳೆಯ ಬೇರುಗಳನ್ನು ಹರಿದುಬಿಡುತ್ತದೆ. ಹಾಗಿದ್ದೂ ನಿಂತ ಒಂದೊಂದು ಬನ್ನಿಯ ಹಿಂದೆ ಹತ್ತಾರು ತಲೆಮಾರುಗಳ ಸಂಯಮವಿದೆ. ಭೀಮಾ ಅಮರಜೆಯರ ಸಂಗಮದಲ್ಲಿ ಔದುಂಬರವನ್ನು, ಅಂದರೆ ಅತ್ತಿಯ ಮರವನ್ನು, ದತ್ತಾತ್ರೇಯನ ಸನ್ನಿಧಾನವೆಂದು ಭಕ್ತರು ಪ್ರದಕ್ಷಿಣೆ ಮಾಡುವರು. ಅತ್ತಿಯು ಸ್ವಭಾವದಿಂದಲೇ ನೀರಿನ ದಂಡೆಯ ಮರ. ಆದರೆ ದಂಡೆಯ ಉಳಿದ ಮರಗಳೆಲ್ಲ ಸೌದೆಯಾದಾಗ ಅತ್ತಿಯು ಉಳಿದುದು ಭಕ್ತಿಯಿಂದ. ಊರೂರಿನ ದರ್ಗಾಗಳ ಬೇವು ಹುಣಸೆಗಳಿಗೂ ಇದೇ ಮಾತು ಸಲ್ಲುತ್ತದೆ.

ಭಕ್ತಿಯಂತೆ ಕರವೂ ಮರವನ್ನು ಉಳಿಸಿದ್ದುಂಟು. ಹೈದರಾಬಾದು ಸಂಸ್ಥಾನದಲ್ಲಿ ಈಚಲಮರದ ಸಿಂದಿಯಿಂದ ಆಬಕಾರಿಯ ಆದಾಯವು ವಿಶೇಷವಾಗಿ ಬರುತ್ತಿತ್ತು. ಆದ ಕಾರಣ ಈಚಲನ್ನು ಮನಬಂದಂತೆ ಕಡಿಯಲು ಅವಕಾಶವಿರಲಿಲ್ಲ. ಹಳ್ಳದ ಮಗ್ಗುಲ ತೇವದ ನೆಲದಲ್ಲಿ ಲಕ್ಕಿ ಹೊಂಗೆಗಳ ನಡುವೆ ನಿಂತ ಈಚಲ ಬನವು ನಿಸರ್ಗದ ಕೃತಿಯೆಂದು ತೋರಿದರೂ ಅದರ ಹಿಂದೆ ಆಬಕಾರಿಯ ಕಟ್ಟಳೆಯ ಕೈವಾಡವೂ ಇರುತ್ತದೆ. ಹಾಗೆಯೇ ತಗ್ಗಿನ ಹೊಲಗಳಲ್ಲಿ ಕರಿಜಾಲಿಯನ್ನು ರೈತರು ಬಿಟ್ಟುದು ನೆರಳಿಗಲ್ಲ. ನೇಗಿಲಿಗೆ, ಕುಂಟೆಗೆ, ಬಂಡಿಯ ಗಾಲಿಗೆ ಅದರಂತಹ ಗಟ್ಟಿಮರವು ಈ ಬಯಲಿನಲ್ಲಿ ಮತ್ತೊಂದಿಲ್ಲ.

ಇನ್ನು ಮಡ್ಡಿಗಳು. ಪಾಯಗಾ ಜಾಗೀರುಗಳು ಬಹುವಾಗಿದ್ದ ಈ ಸೀಮೆಯಲ್ಲಿ ಊರಿನ ದನ ಮೇಯುವ ಬಂಜರಿಗೆ ‘ಗಾಯರಾಣ’ವೆಂದು ಹೆಸರು. ಊರ ದನ, ಕುರುಬರ ಕುರಿ, ಲಂಬಾಣಿಗರ ಹೇರೆತ್ತು ಎಲ್ಲವೂ ಅಲ್ಲಿ ಮೇದುವು. ಮೇಯುವುದು ಮಿತವಾಗಿದ್ದಾಗ ಬುಡಗಟ್ಟಿ ಬಹುವರ್ಷ ಬಾಳುವ ಹುಲ್ಲುಗಳು ಉಳಿಯುವುವು; ಅತಿಯಾದಾಗ ಅವು ಸತ್ತು, ಬಟ್ಟೆಗೆ ಚುಚ್ಚಿಕೊಳ್ಳುವ ಒಂದೇ ವರ್ಷದ ಸೂಜಿಹುಲ್ಲು ಬರುತ್ತದೆ. ಗಿಡಗಳಲ್ಲಿಯೂ ಹಾಗೆಯೇ. ಆಡು ಮುಟ್ಟದ ಸೊಪ್ಪಿಲ್ಲವೆಂಬ ಗಾದೆಯಿದ್ದರೂ, ಆವರಿಕೆ, ಬಂದರಿಕೆ, ಎಕ್ಕೆಗಳನ್ನು ಅದು ಸಾಮಾನ್ಯವಾಗಿ ಬಿಟ್ಟುಬಿಡುತ್ತದೆ. ಆದುದರಿಂದ ಯಾವ ಮಡ್ಡಿಯಲ್ಲಿ ಇವು ಮೂರೇ ತುಂಬಿರುವುವೋ ಅಲ್ಲಿ ಮೇಯುವುದು ಬಹುಕಾಲದಿಂದ ಅತಿಯಾಗಿತ್ತೆಂದು ಹೇಳಬಹುದು. ೧೮೬೧ರಿಂದ ೧೮೬೫ರವರೆಗೆ ಅಮೆರಿಕೆಯಲ್ಲಿ ನಡೆದ ಅಂತರ್ಯುದ್ಧದ ಕಾಲದಲ್ಲಿ ಹತ್ತಿಯ ಬೆಲೆಯು ಏರಿ ದಖ್ಖಣದ ಎರಿಯಲ್ಲಿ ಹತ್ತಿಯು ಹಬ್ಬಿತು. ೧೮೭೧ರಲ್ಲಿ ಸೋಲಾಪುರದಿಂದ ಗಾಣಗಾಪುರ ರೋಡಿನ ಮೇಲೆ ಹಾದು ಬರುವ ರೈಲುದಾರಿಯು ರಾಯಚೂರಿನಲ್ಲಿ ಮದರಾಸಿನ ದಾರಿಯನ್ನು ಕೂಡಿತು. ಒಳ್ಳೆಯ ನೆಲಕ್ಕೆಲ್ಲ ನೇಗಿಲು ಹೋಗಲು, ಮೇವಿನ ಭಾರವೆಲ್ಲವೂ ಕಲ್ಲುಮಡ್ಡಿಯ ಮೇಲೆ ಬಿದ್ದಿತು. ಹೊಲದ ವಿಸ್ತಾರವು ಹೆಚ್ಚಿದುದರ ಲೆಕ್ಕವನ್ನು ದಫ್ತರವು ಬರೆದಿಟ್ಟಿತು. ಮಡ್ಡಿಯು ಬಡವಾದುದರ ಲೆಕ್ಕವನ್ನು ಆವರಿಕೆಯ ಹಳದಿ ಹೂವು ಬರೆದಿಟ್ಟಿದೆ.

೧೯೪೮ರಲ್ಲಿ ನಿಜಾಮರ ಆಳಿಕೆಯು ಮುಗಿದು, ೧೯೪೯ರಲ್ಲಿ ಜಾಗೀರುಗಳು ರದ್ದಾದುವು. ೧೯೫೬ರಲ್ಲಿ ಜಿಲ್ಲೆಯು ಮೈಸೂರು ರಾಜ್ಯವನ್ನು ಸೇರಿತು. ಆ ಮೇಲೆ ಗಾಯರಾಣದ ಎಷ್ಟೋ ಭಾಗವು ಉಳುಮೆಗೆ ಬಂದಿತು. ನೆಲವಿಲ್ಲದವರಿಗೆ ನೆಲ ದೊರೆತುದು ನ್ಯಾಯವೇ, ಅದನ್ನು ಆಕ್ಷೇಪಿಸಲಾಗದು. ಅಮರಜೆಗೆ ಅಣೆಕಟ್ಟಾಯಿತು, ಅಫಜಲಪುರದ ಸೊನ್ನದಲ್ಲಿ ಭೀಮೆಗೆ ಬ್ಯಾರೇಜಾಯಿತು, ನಾರಾಯಣಪುರದ ಕಾಲುವೆಯ ಶಾಖೆಯು ಜೇವರ್ಗಿಯ ಕಡೆಗೆ ಬಂದಿತು. ನೀರು ಬಂದ ಕಡೆಯಲ್ಲಿ ಬದುವೂ ಬದುವಿನ ಗಿಡವೂ ಕಿರಿದಾಗುತ್ತ ಹೋದುವು. ಉಳಿದ ಬಂಜರುಗಳನ್ನೂ ಹಳ್ಳಗಳನ್ನೂ ಬಳ್ಳಾರಿ ಜಾಲಿಯು ಆಕ್ರಮಿಸಿತು. ೧೮೭೭ರಲ್ಲಿ ಕಡಪ ಸೀಮೆಯಲ್ಲಿ ಸೌದೆಗಾಗಿ ಬಿತ್ತಿದ ಈ ಅಮೆರಿಕೆಯ ಮುಳ್ಳುಗಿಡದ ಸಿಹಿಕಾಯಿಯನ್ನು ದನಗಳೂ ಆಡುಗಳೂ ತಿಂದು, ಸಗಣಿಯಲ್ಲಿ ಬೀಜವನ್ನು ಬಿತ್ತುತ್ತ ನಡೆದುವು. ಎಲೆಯನ್ನು ಮಾತ್ರ ಅವು ಮುಟ್ಟುವುದು ವಿರಳ. ಕಡಿದಷ್ಟೂ ಚಿಗುರುವ ಈ ಗಿಡವು ಬಡವರ ಒಲೆಗೆ ಉರುವಲಾಗಿ ಉಪಕಾರವನ್ನೂ ಮಾಡಿದೆ. ಆದರೆ ಇದು ನಿಂತ ಕಡೆಯಲ್ಲಿ ಹಳೆಯ ಗಿಡಗಳ ಮೇಳವು ಅಳಿಸಿಹೋಗುವುದರಿಂದ, ಹಾಳೂರೂ ಗಾಯರಾಣವೂ ಕೆರೆಯ ಅಂಗಳವೂ ಒಂದೇ ಬಗೆಯಾಗಿ ಕಾಣುವುವು. ಹಲವು ಕೈಗಳು ಬೇರೆ ಬೇರೆ ಕಾಲದಲ್ಲಿ ಬರೆದ ಓಲೆಯ ಮೇಲೆ ಮಸಿಯ ಕುಡಿಕೆ ಉರುಳಿದಂತಾಗಿದೆ.

ಇದನ್ನೆಲ್ಲ ತಿಳಿದುದರಿಂದ ಪ್ರಯೋಜನವೇನೆಂದು ವಾಚಕರು ಕೇಳಬಹುದು. ಪ್ರಯೋಜನವು ಇಂದಿನ ಕಾರ್ಯದಲ್ಲಿದೆ. ಬಯಲುಸೀಮೆಯನ್ನು ಹಸುರುಗೊಳಿಸಬೇಕೆಂಬ ಉತ್ಸಾಹವು ಈಗ ಎಲ್ಲೆಡೆಯೂ ಇದೆ, ಅದು ಸ್ತುತ್ಯವೇ. ಆದರೆ ಹಸುರೆಂದರೆ ಮರವೆಂದೂ, ಮರವಿಲ್ಲದ ನೆಲವೆಲ್ಲ ಕೆಟ್ಟ ಕಾಡೆಂದೂ ಭಾವಿಸಿ, ಎಲ್ಲ ತಾವಿನಲ್ಲಿಯೂ ಒಂದೇ ಬಗೆಯ ಗುಂಡಿ ತೋಡಿ ಒಂದೇ ಬಗೆಯ ಸಸಿಯನ್ನು ನೆಡುವುದು ಇತಿಹಾಸವನ್ನು ಕೇಳದೆ ತೀರ್ಪು ಹೇಳಿದಂತೆ. ಕೃಷ್ಣಮೃಗವು ಸ್ವಭಾವದಿಂದ ಸಂಚರಿಸುವ ದೇಶವೇ ಯಜ್ಞಯೋಗ್ಯವಾದ ದೇಶವೆಂದು ಮನುವು ಹೇಳುತ್ತಾನೆ. ಕೃಷ್ಣಮೃಗವು ದಟ್ಟಡವಿಯ ಪ್ರಾಣಿಯಲ್ಲ. ಬಯಲು ಹುಲ್ಲಿನ ಪ್ರಾಣಿ. ಆಳಂದ ಅಫಜಲಪುರಗಳಿಗೆ ನೆರೆಯಾದ ಸೋಲಾಪುರ ಜಿಲ್ಲೆಯ ನಾನ್ನಜದಲ್ಲಿ ಎರ್ಲಡ್ಡು ಹಕ್ಕಿಗಾಗಿ ೧೯೭೯ರಲ್ಲಿ ಅಭಯಧಾಮವನ್ನು ಸ್ಥಾಪಿಸಿದರು. ಆ ಹಕ್ಕಿಗೆ ಬೇಕಾದುದು ಮರವಲ್ಲ, ತೆರೆದ ಹುಲ್ಲುಗಾವಲು. ಸಾವಿರಾರು ವರ್ಷ ದನ ಮೇದು ಹುಲ್ಲಾಗಿಯೇ ಉಳಿದ ಮಡ್ಡಿಯಲ್ಲಿ ತೋಪನ್ನು ಬೆಳೆಸಿದರೆ ಇಲ್ಲದ ಕಾಡನ್ನು ತಂದಂತಾಗದು; ಇದ್ದ ಹುಲ್ಲನ್ನು ಕಳೆದಂತಾದೀತು.

ಆದುದರಿಂದ ಗಿಡ ನೆಡುವ ಮೊದಲು ನೆಲದ ಚರಿತ್ರೆಯನ್ನು ವಿಚಾರಿಸುವುದು ಯುಕ್ತ. ಹಾಳೂರ ದಿಬ್ಬದಲ್ಲಿ ಬೇವು ಹುಣಸೆಗಳೇ ಇವೆಯೆಂದಾದರೆ ಅವುಗಳ ಸಂತತಿಯನ್ನೇ ಬೆಳೆಸಬೇಕು. ಹಳ್ಳದ ದಂಡೆಯಲ್ಲಿ ಜಾಲಿಯನ್ನು ತೆಗೆದು ಅತ್ತಿ, ಹೊಂಗೆ, ಲಕ್ಕಿಗಳಿಗೆ ಎಡೆಮಾಡಬೇಕು. ಉತ್ತು ಬಿಟ್ಟ ಎರಿಯು ಬೇರೆ, ಎಂದೂ ಉಳದ ಕಲ್ಲುಮಡ್ಡಿಯು ಬೇರೆ ಎಂಬುದನ್ನು ಅರಿತು, ಎರಡನೆಯದರಲ್ಲಿ ಮೇವನ್ನು ಮಿತಗೊಳಿಸಿ ಹಳೆಯ ಬೇರುಗಳಿಗೆ ತಾವಾಗಿ ಚಿಗುರಲು ಸಮಯ ಕೊಡಬೇಕು. ಈ ವಿಚಾರಣೆಗೆ ದೊಡ್ಡ ಯಂತ್ರಗಳು ಬೇಕಿಲ್ಲ. ಹಳೆಯ ಪಹಣಿ ನಕಾಶೆಗಳಿವೆ; ಶಾಸನಗಳಿವೆ; ಹೊಲಗಳ ಹೆಸರುಗಳಿವೆ; ‘ಇಲ್ಲಿ ಮೊದಲು ಏನಿತ್ತು’ ಎಂದು ಕೇಳಿದರೆ ಹೇಳಬಲ್ಲ ಹಿರಿಯ ಒಕ್ಕಲಿಗರೂ ಕುರುಬರೂ ಇನ್ನೂ ಇದ್ದಾರೆ. ಊರಿನ ಶಾಲೆಯ ವಿದ್ಯಾರ್ಥಿಗಳು ಒಂದು ಬೇಸಗೆಯಲ್ಲಿ ತಮ್ಮ ಊರಿನ ಮುದಿಮರಗಳ ಪಟ್ಟಿಯನ್ನೂ ಅವು ನಿಂತ ತಾವಿನ ಹೆಸರನ್ನೂ ಬರೆದಿಟ್ಟರೆ ಅದೇ ಒಂದು ಚರಿತ್ರೆಯ ಗ್ರಂಥವಾದೀತು. ಹಿರಿಯರು ಒಬ್ಬೊಬ್ಬರಾಗಿ ಹೋಗುತ್ತಿರುವುದರಿಂದ ಈ ಕೆಲಸವು ವಿಳಂಬವನ್ನು ಸಹಿಸದು.

ದಂಡಕಾರಣ್ಯದಲ್ಲಿ ಗಿಡಮರಗಳು ಬದಲಾದರೂ ಬೆಟ್ಟಗಳನ್ನು ಕಂಡು ಶ್ರೀರಾಮನು ಸ್ಥಳವನ್ನು ಗುರುತಿಸಿದನು. ಭೀಮೆಯ ಬಯಲಿನಲ್ಲಿ ಅಂತಹ ಬೆಟ್ಟಗಳಿಲ್ಲ. ಇಲ್ಲಿ ಗುರುತು ಹೇಳತಕ್ಕವು ಹೊಲದ ಬನ್ನಿ, ಹಾಳೂರ ಹುಣಸೆ, ಮಡ್ಡಿಯ ಹುಲ್ಲು, ಸಂಗಮದ ಅತ್ತಿ, ಇವೇ. ಇವು ಹೋದ ಮೇಲೆ ಮುಂದಿನವರು ಬಂದು ನೋಡಿದರೆ ಇದು ಆ ನಾಡೇ ಹೌದೋ ಅಲ್ಲವೋ ಎಂಬುದನ್ನು ಯಾವುದರಿಂದ ನಿಶ್ಚಯಿಸಿಕೊಳ್ಳುವರು?